ಲಂಟಾನ ಕಿತ್ತ ಮೇಲೆ ಮೂರನೇ ಮಳೆಗಾಲ

(ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಕುಳಿತು ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.)

ಚಿಕ್ಕವರಿದ್ದಾಗ ಲಂಟಾನ ಹಣ್ಣು ತಿಂದವರು ಕೈ ಎತ್ತಿ ನೋಡೋಣ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಇದ್ದೀರಿ. ನಾನೂ ತಿಂದವನೇ. ಶಾಲೆಯಿಂದ ಬರುವ ದಾರಿಯ ಬೇಲಿಯಲ್ಲಿ ಕರಿಮಣಿಯ ಹಾಗೆ ಗೊಂಚಲು ಗೊಂಚಲಾಗಿ ಇರುತ್ತಿತ್ತು. ಹಸಿರು ಕಾಯಿ ತಿನ್ನಬೇಡ, ವಿಷ ಅಂತ ಅಮ್ಮ ಹೇಳುತ್ತಿದ್ದರು. ಎಲೆ ಹಿಸುಕಿದರೆ ಮೂಗಿಗೆ ಹತ್ತುವ ಆ ಘಾಟು ವಾಸನೆ ಇವತ್ತಿಗೂ ನನಗೆ ಊರಿನ ದಾರಿಯನ್ನೇ ನೆನಪಿಸುತ್ತದೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಲಂಟಾನವನ್ನು ನಾನು ದ್ವೇಷಿಸುವುದಿಲ್ಲ. ಅದರ ಜೊತೆಗೇ ಬೆಳೆದವನು ನಾನು. ಆದರೆ ಬಂಡೀಪುರದ ಕಡೆ ಕಾಡಿನ ಅಂಚಿನಲ್ಲಿ ನಿಂತು ನೋಡಿದರೆ, ಮರಗಳ ಬುಡದಲ್ಲಿ ಹುಲ್ಲು ಇರಬೇಕಾದ ಕಡೆಯೆಲ್ಲ ಬರೀ ಇದೇ ಗಿಡ. ಎದೆಮಟ್ಟ, ಕೆಲವು ಕಡೆ ಆಳೆತ್ತರ. ಒಳಗೆ ಒಂದು ಹೆಜ್ಜೆ ಇಡಲು ಆಗುವುದಿಲ್ಲ.

ಇದು ನಮ್ಮ ನೆಲದ ಗಿಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಹೂವಿನ ಚೆಂದಕ್ಕೆ ಅಂತ ಯುರೋಪಿನವರು ತಮ್ಮ ತೋಟಗಳಿಗೆ ಒಯ್ದರು. ಅಲ್ಲಿಂದ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂತು. ಆಮೇಲೆ ಬೇಲಿಗೆ ಒಳ್ಳೆಯದು ಅಂತ ಜನ ಎಲ್ಲ ಕಡೆ ನೆಟ್ಟರು. ದನ ಮೇಯುವುದಿಲ್ಲ, ಮುಳ್ಳಿದೆ, ನೀರು ಕೇಳುವುದಿಲ್ಲ. ಬೇಲಿಗೆ ಇನ್ನೇನು ಬೇಕು? ಪಿಕಳಾರ ಹಕ್ಕಿ ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸಿತು. ಬೇಲಿಯಿಂದ ಗೋಮಾಳಕ್ಕೆ, ಗೋಮಾಳದಿಂದ ಕಾಡಿಗೆ ಹಬ್ಬಿತು. ಭಾರತದಲ್ಲಿ ಹುಲಿ ಓಡಾಡುವ ಕಾಡುಗಳಲ್ಲಿ 40 ಶೇಕಡಕ್ಕಿಂತ ಜಾಸ್ತಿ ಜಾಗಕ್ಕೆ ಇದು ಹಬ್ಬಿದೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ನೋಡಿದ್ದ ತಾಣಗಳನ್ನೇ 2008ರಲ್ಲಿ ಮತ್ತೆ ಹೋಗಿ ನೋಡಿದರು. ಮೊದಲ ಸಲ ನೂರಕ್ಕೆ ಸುಮಾರು 40 ತಾಣಗಳಲ್ಲಿ ಲಂಟಾನ ಇತ್ತು. ಎರಡನೇ ಸಲ ಸುಮಾರು 80ರಲ್ಲಿ. ಬರೀ 11 ವರ್ಷ!

ಇಷ್ಟು ಕೇಳಿದರೆ ಯಾರಿಗಾದರೂ ಅನಿಸುವುದು ಒಂದೇ: ಕಿತ್ತು ಹಾಕಿ. ನನಗೂ ಹಾಗೇ ಅನಿಸಿತ್ತು.

ಸುಮಾರು ಹನ್ನೆರಡು ವರ್ಷದ ಹಿಂದೆ ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಗೆ ನಾವು ಮೂವತ್ತು ಜನ ಹೋದೆವು. ಊರ ಪಕ್ಕದ ಗೋಮಾಳ, ಮೂರು ಎಕರೆ ಇರಬಹುದು. ಮಚ್ಚು, ಕುಡುಗೋಲು, ಕೈಗೆ ಗವಸು. ಎರಡು ದಿನ ಕಷ್ಟಪಟ್ಟು ಬುಡಕ್ಕೆ ಕಡಿದೆವು. ಸಂಜೆ ಆ ಖಾಲಿ ನೆಲದ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಿಜವಾಗಿಯೂ ತುಂಬ ಸಂತೋಷ ಆಗಿತ್ತು. ಅಲ್ಲೇ ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನೇ ನೋಡುತ್ತಾ ಕೂತಿದ್ದರು. ಹೊರಡುವಾಗ ಹೇಳಿದರು: "ಕಡಿಯಕೆ ಬರೋರು ಬಾಳ ಜನ ಕಪ್ಪಾ. ಮಳೆ ಬಂದ್ಮೇಕೆ ಯಾರೂ ಬರಕಿಲ್ಲ." ನಾನು ನಕ್ಕು, ಬರ್ತೀವಿ ಅಜ್ಜಿ ಅಂದೆ.

ಹೋಗಲಿಲ್ಲ. ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ನೋಡಿದೆ. ಕಡಿದ ಪ್ರತಿ ಬುಡದಿಂದ ಹತ್ತಾರು ಚಿಗುರು ಬಂದು ಮೊದಲಿಗಿಂತ ದಟ್ಟವಾಗಿತ್ತು. ನಡುನಡುವೆ ಖಾಲಿ ಇದ್ದ ನೆಲದಲ್ಲಿ ಕಾಂಗ್ರೆಸ್ ಗಿಡ. ಮೊದಲು ಲಂಟಾನದ ಮರೆಯಲ್ಲಿ ನಾಲ್ಕೈದು ಕಗ್ಗಲಿ ಸಸಿ ಇದ್ದವು, ಮೇಕೆಗೆ ಸಿಗದೆ ಉಳಿದಿದ್ದವು. ನಾವು ಮರೆ ತೆಗೆದ ಮೇಲೆ ಅವೂ ಹೋಗಿದ್ದವು. ನಾವು ಆ ಜಾಗಕ್ಕೆ ಒಳ್ಳೆಯದು ಮಾಡಲಿಲ್ಲ, ಕೆಟ್ಟದ್ದು ಮಾಡಿದೆವು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಆ ಅಜ್ಜಿಯ ಮಾತಿನ ಬಗ್ಗೆಯೇ.

ಈಗ ಚರ್ಚೆಗೆ ಬರೋಣ. ಹೊರಗಿನಿಂದ ಬಂದ ಗಿಡಗಳ ವಿಷಯದಲ್ಲಿ ವಿಜ್ಞಾನಿಗಳೇ ಒಂದಾಗಿಲ್ಲ. 2011ರಲ್ಲಿ ಮಾರ್ಕ್ ಡೇವಿಸ್ ಎಂಬ ಪರಿಸರ ವಿಜ್ಞಾನಿ ಮತ್ತು ಇನ್ನೂ 18 ಜನ ಸೇರಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಒಂದು ಜೀವಿ ಎಲ್ಲಿಂದ ಬಂತು ಅನ್ನುವುದರ ಮೇಲೆ ಅದನ್ನು ಅಳೆಯಬೇಡಿ, ಈಗ ಅದು ಏನು ಮಾಡುತ್ತಿದೆ ಅನ್ನುವುದನ್ನು ನೋಡಿ ಅಂತ. ಡೇನಿಯಲ್ ಸಿಂಬರ್‌ಲಾಫ್ ಮತ್ತು ನೂರಕ್ಕೂ ಜಾಸ್ತಿ ಜನ ಅದಕ್ಕೆ ಉತ್ತರ ಕೊಟ್ಟರು. ಹೊರಗಿನದು ಎಂಬ ಒಂದೇ ಕಾರಣಕ್ಕೆ ನಾವು ಯಾವುದನ್ನೂ ವಿರೋಧಿಸುತ್ತಿಲ್ಲ, ಆದರೆ ಇವು ಮಾಡುವ ಹಾನಿ ಕೆಲವೊಮ್ಮೆ ಎಷ್ಟೋ ವರ್ಷ ಕಾಣುವುದೇ ಇಲ್ಲ, ಕಾಣುವ ಹೊತ್ತಿಗೆ ಕೈಮೀರಿರುತ್ತದೆ ಅಂತ. ಎರಡೂ ಕಡೆಯ ಮಾತು ನನಗೆ ತಟ್ಟುತ್ತದೆ. ಮೆಣಸಿನಕಾಯಿ, ಟೊಮೇಟೊ, ಸೀಬೆ, ಗೋಡಂಬಿ ಎಲ್ಲ ಆಚೆಯಿಂದ ಬಂದವೇ, ಅಲ್ವಾ? ಅವನ್ನು ಬಿಟ್ಟು ನಮ್ಮ ಅಡುಗೆಮನೆ ಇಲ್ಲ. ಆದರೆ ಸೆನ್ನಾ ಮರವನ್ನು ನೋಡಿ, ಅದೂ ಆಚೆಯಿಂದ ಬಂದದ್ದೇ. ಹಳದಿ ಹೂ ಚೆನ್ನಾಗಿದೆ, ನೆರಳಿಗೆ ಆಗುತ್ತದೆ ಅಂತ ವಯನಾಡಿನಲ್ಲಿ ಅರಣ್ಯ ಇಲಾಖೆಯವರೇ ನೆಟ್ಟದ್ದು. ಇವತ್ತು ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆ ಎಲ್ಲ ಕಡೆ ಅದೇ ತಲೆನೋವು. ನೆಟ್ಟಾಗ ಯಾರಿಗೂ ಗೊತ್ತಾಗಲಿಲ್ಲ.

ಆದರೆ ನಮ್ಮ ಕಡೆಯ ನಿಜವಾದ ಜಗಳ ಅದಲ್ಲ. ನಮ್ಮಲ್ಲಿ ಜಗಳ ಇರುವುದು ಬೆಂಕಿಯ ಮೇಲೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಲ್ಲಿ 'ತರಗು ಬೆಂಕಿ' ಅಂತ ಒಂದು ಪದ್ಧತಿ ಇತ್ತು. ತರಗು ಅಂದರೆ ಒಣಗಿ ಬಿದ್ದ ಎಲೆ. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ, ಆ ತರಗಿಗೆ ಬೆಂಕಿ ಕೊಡುತ್ತಿದ್ದರು. ಬೆಂಕಿ ಮೊಣಕಾಲೆತ್ತರಕ್ಕೆ ಸರಸರ ಓಡಿ ಆರಿ ಹೋಗುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಎಳೆಯ ಲಂಟಾನ ಸಾಯುತ್ತಿತ್ತು. ಮಳೆ ಬಿದ್ದ ಕೂಡಲೇ ಹೊಸ ಹುಲ್ಲು. ನೆಲ್ಲಿ ಮರದ ಮೇಲೆ ಬೆಳೆಯುವ ಬಂದಳಿಕೆಯೂ, ಅವರು ಅದಕ್ಕೆ ಉಪ್ಪಿಲು ಅನ್ನುತ್ತಾರೆ, ಹದ್ದುಬಸ್ತಿನಲ್ಲಿ ಇರುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ಬೆಟ್ಟ ಅಭಯಾರಣ್ಯ ಆಯಿತು. ಬೆಂಕಿ ಹಾಕುವುದು ಅಪರಾಧ ಆಯಿತು. ಸೋಲಿಗ ಹಿರಿಯರು ಹೇಳುವುದು ಇಷ್ಟೇ: ಬೆಂಕಿ ನಿಲ್ಲಿಸಿದಿರಿ, ಲಂಟಾನ ಬಂತು, ಉಪ್ಪಿಲು ಜಾಸ್ತಿ ಆಯಿತು, ನೆಲ್ಲಿ ಕಡಿಮೆ ಆಯಿತು.

ಇದಕ್ಕೆ ಇನ್ನೊಂದು ಮಗ್ಗುಲು ಇದೆ. ಲಂಟಾನ ಒಂದು ಸಲ ದಟ್ಟವಾಗಿ ಬೆಳೆದ ಮೇಲೆ ಅದೇ ಬೆಂಕಿಗೆ ಸೌದೆ. ಬೇಸಿಗೆಯಲ್ಲಿ ಅದರ ಕಡ್ಡಿ ಒಣಗಿ ಪುರಲೆಯ ಹಾಗಾಗುತ್ತದೆ. ಆಗ ಬೆಂಕಿ ಬಿದ್ದರೆ ಮೊಣಕಾಲೆತ್ತರಕ್ಕೆ ನಿಲ್ಲುವುದಿಲ್ಲ, ಮರದ ಕೊಂಬೆ ಹಿಡಿಯುತ್ತದೆ. ಮರ ಸತ್ತರೆ ಬಿಸಿಲು ನೆಲಕ್ಕೆ ಬೀಳುತ್ತದೆ. ಬಿಸಿಲು ಬಿದ್ದ ಕಡೆ ಮೊದಲು ಚಿಗುರುವುದು ಲಂಟಾನವೇ. ಲಂಟಾನ ಬೆಂಕಿಯನ್ನು ಸಾಕುತ್ತದೆ, ಬೆಂಕಿ ಲಂಟಾನವನ್ನು ಸಾಕುತ್ತದೆ ಎಂದು 2005ರಲ್ಲೇ ಸಂಶೋಧಕರು ಎಚ್ಚರಿಸಿ ಬರೆದಿದ್ದರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟುಹೋದದ್ದು ನಿಮಗೆ ನೆನಪಿರಬೇಕು.

ಹಾಗಾದರೆ ಯಾರು ಸರಿ? ನನಗೆ ತಿಳಿದ ಮಟ್ಟಿಗೆ ಇಬ್ಬರೂ ಸರಿ, ಆದರೆ ಬೇರೆ ಬೇರೆ ಕಾಡಿನ ಬಗ್ಗೆ ಮಾತಾಡುತ್ತಿದ್ದಾರೆ. ಸೋಲಿಗರು ಹೇಳುವುದು ಲಂಟಾನ ಇನ್ನೂ ಎಳೆಯದಾಗಿದ್ದ, ಹುಲ್ಲು ತುಂಬಿದ್ದ ಕಾಡಿನ ಬೆಂಕಿ. ಇಲಾಖೆಯವರು ಹೆದರುವುದು ಈಗಿನ ಕಾಡಿನ ಬೆಂಕಿಗೆ. ಇವತ್ತು ಹೋಗಿ ಆಳೆತ್ತರದ ಲಂಟಾನಕ್ಕೆ ಬೆಂಕಿ ಕೊಟ್ಟರೆ ಅನಾಹುತ ಆಗುತ್ತದೆ. ಆದರೆ ಮೊದಲು ಕಿತ್ತು, ಹುಲ್ಲು ಬರಿಸಿ, ಆಮೇಲೆ ಸರಿಯಾದ ತಿಂಗಳಲ್ಲಿ, ಗೊತ್ತಿರುವವರ ಕೈಯಲ್ಲಿ ತರಗು ಬೆಂಕಿ ಕೊಡಿಸಿದರೆ? ಅದನ್ನು ಕೆಲವು ತುಣುಕುಗಳಲ್ಲಾದರೂ ಮಾಡಿ ನೋಡಬೇಕು ಅನ್ನುವುದು ನನ್ನ ಮಾತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹಕ್ಕುಪತ್ರ ಕೊಟ್ಟ ಮೇಲೆ ಅವರ ತಿಳಿವಳಿಕೆಯನ್ನು ಮಾತ್ರ ಹೊರಗಿಡುವುದು ನ್ಯಾಯ ಅಲ್ಲ. ಯಾವ ತಿಂಗಳು, ಯಾವ ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುವಾಗ ಅನ್ನುವುದು ಗೊತ್ತಿರುವವರಿಗೆ ಈಗ ವಯಸ್ಸಾಗುತ್ತಿದೆ.

ಇನ್ನು ಕೀಳುವುದು ಹೇಗೆ ಅನ್ನುವುದು. ನಾವು ಮಾಡಿದ್ದು ಪೂರ್ತಿ ತಪ್ಪು. ಸರಿಯಾದ ದಾರಿ ಇದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಮತ್ತು ಅವರ ತಂಡ ಉತ್ತರಾಖಂಡದ ಕಾರ್ಬೆಟ್ ಕಾಡಿನಲ್ಲಿ ಮಾಡಿ ತೋರಿಸಿದ್ದು. ಲಂಟಾನ ಮತ್ತೆ ಚಿಗುರುವುದು ಬೇರು ಮತ್ತು ಕಾಂಡ ಸೇರುವ ಜಾಗದಿಂದ. ಆದ್ದರಿಂದ ಮೇಲೆ ಕಡಿದು ಪ್ರಯೋಜನ ಇಲ್ಲ. ಹಾಗಂತ ಜೆಸಿಬಿ ತಂದು ಬೇರುಸಮೇತ ಅಗೆದರೆ ಮಣ್ಣು ಬುಡಮೇಲಾಗಿ, ಒಳಗೆ ಮಲಗಿದ್ದ ಬೀಜವೆಲ್ಲ ಎದ್ದು ಬರುತ್ತವೆ. ಇವರ ಉಪಾಯ ತುಂಬ ಸರಳ. ಒಬ್ಬರು ಪೊದೆಯನ್ನು ಎತ್ತಿ ಹಿಡಿಯಬೇಕು. ಇನ್ನೊಬ್ಬರು ಗುದ್ದಲಿಯಿಂದ, ನೆಲದ ಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಅಂದರೆ ಎರಡು ಬೆರಳಿನಷ್ಟು ಆಳದಲ್ಲಿ, ತಾಯಿಬೇರಿಗೆ ಒಂದೇ ಏಟು ಹಾಕಬೇಕು. ಟಕ್ ಅಂತ ಶಬ್ದ ಬರುತ್ತದೆ. ಪೊದೆ ಕೈಗೆ ಬರುತ್ತದೆ. ಅದನ್ನು ಅಲ್ಲೇ ತಲೆಕೆಳಗಾಗಿ, ಬುಡ ಮೇಲೆ ಮಾಡಿ ಇಡಬೇಕು. ನೆಲಕ್ಕೆ ತಾಗಿದ ಕಾಂಡ ಮತ್ತೆ ಬೇರು ಬಿಡುವ ಜಾತಿ ಇದು, ಅದಕ್ಕೆ. ಮಣ್ಣು ಅಷ್ಟಾಗಿ ಕದಲುವುದಿಲ್ಲ. ನಾನು ಕಲಿಯಲು ಒಂದು ಬೆಳಿಗ್ಗೆ ಸಾಕಾಯಿತು. ಅಭ್ಯಾಸ ಇದ್ದವರು ಒಂದು ಪೊದೆಗೆ ಎರಡು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.

ಆದರೆ ಈ ಪದ್ಧತಿಯ ಅರ್ಧ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಕಿತ್ತ ಮೇಲೆ ಮುಂದಿನ ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಕು. ಹಕ್ಕಿ ಕೂರುವ ಮರಗಳ ಕೆಳಗೆ ಮೊದಲು ನೋಡಬೇಕು, ಬೀಜ ಬಿದ್ದಿರುವುದು ಅಲ್ಲೇ. ಗೇಣುದ್ದ ಸಸಿಯನ್ನು ಎರಡು ಬೆರಳಲ್ಲಿ ಕಿತ್ತು ಹಾಕಬಹುದು. ಅದರ ಮುಂದಿನ ವರ್ಷವೂ ಹೋಗಬೇಕು. ಮೂರನೇ ವರ್ಷವೂ. ಅಷ್ಟರಲ್ಲಿ ಊರಿನ ಹುಲ್ಲು ನೆಲ ಮುಚ್ಚಿರಬೇಕು. ತಾನಾಗಿ ಬಾರದಿದ್ದರೆ ಬೀಜ ತಂದು ಎರಚಬೇಕು. ನೆಲ ಖಾಲಿ ಬಿಟ್ಟರೆ ಯಾರಾದರೂ ಬಂದು ಕೂರುತ್ತಾರೆ. ಲಂಟಾನ ಇಲ್ಲದಿದ್ದರೆ ಯುಪಟೋರಿಯಂ ಎಂಬ ಇನ್ನೊಂದು ಹೊರಗಿನ ಕಳೆ, ಅದೂ ಇಲ್ಲದಿದ್ದರೆ ಕಾಂಗ್ರೆಸ್ ಗಿಡ.

ಇಲ್ಲೇ ಹಣದ ಮಾತು ಬರುತ್ತದೆ. ಕೀಳುವುದಕ್ಕೆ ದುಡ್ಡು ಸಿಗುತ್ತದೆ. ಇಷ್ಟು ಹೆಕ್ಟೇರ್ ತೆರವು ಅಂತ ಲೆಕ್ಕ ಬರೆಯಬಹುದು, ಫೋಟೋ ಹಾಕಬಹುದು. ಮೂರನೇ ಮಳೆಗಾಲದಲ್ಲಿ ಇಬ್ಬರು ಹೆಂಗಸರು ಬಗ್ಗಿ ಸಸಿ ಕೀಳುವುದಕ್ಕೆ ದುಡ್ಡು ಸಿಗುವುದು ಬಹಳ ಕಷ್ಟ. ಅದರ ಫೋಟೋ ತೆಗೆದರೆ ಏನೂ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1995ರಲ್ಲಿ ಸರ್ಕಾರವೇ ಒಂದು ದೊಡ್ಡ ಕಾರ್ಯಕ್ರಮ ಶುರು ಮಾಡಿತು. ನೀರು ಕುಡಿದು ಹಾಕುವ ಹೊರಗಿನ ಮರಗಳನ್ನು ಕಡಿಯುವುದು, ಅದರಲ್ಲಿ ಬಡವರಿಗೆ ಕೂಲಿ ಕೊಡುವುದು. ತುಂಬ ಒಳ್ಳೆಯ ಆಲೋಚನೆ, ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಅಲ್ಲಿಯೂ ಕಲಿತ ಪಾಠ ಇದೇ. ಮತ್ತೆ ಮತ್ತೆ ಹೋಗದ ಕಡೆ ಗಿಡ ವಾಪಸ್ ಬಂತು.

ಇನ್ನು ಕೆಲವರು ಹೇಳುತ್ತಾರೆ, ಉಪಯೋಗಿಸಿ ಖಾಲಿ ಮಾಡೋಣ ಅಂತ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಸೋಲಿಗರ ಜೊತೆ ಸೇರಿ ಲಂಟಾನ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡಿಸುತ್ತಾ ಬಂದಿದ್ದಾರೆ. ಕಡ್ಡಿಯನ್ನು ನೀರಲ್ಲಿ ಚೆನ್ನಾಗಿ ಬೇಯಿಸಿ, ಬಿಸಿ ಇರುವಾಗಲೇ ಸಿಪ್ಪೆ ಸುಲಿದು ಬಗ್ಗಿಸುತ್ತಾರೆ. ಆರಿದ ಮೇಲೆ ಬೆತ್ತದ ಹಾಗೆ ಗಟ್ಟಿ. ಬೆತ್ತ, ಬಿದಿರು ಸಿಗುವುದು ಕಷ್ಟ ಆದಾಗ ಇದು ಅವರ ಕೈ ಹಿಡಿಯಿತು. ಲಂಟಾನದಲ್ಲಿ ಮಾಡಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತವು, ಆಮೇಲೆ ನಮ್ಮ ಲಾಲ್‌ಬಾಗ್‌ಗೂ ಬಂದವು. ಹತ್ತಿರ ಹೋಗಿ ನೋಡಿದ್ದೆ. ಕಣ್ಣಿನ ಸುತ್ತ ತೆಳು ಕಡ್ಡಿಗಳನ್ನು ಸುತ್ತಿ ಸುತ್ತಿ ಚರ್ಮದ ಸುಕ್ಕನ್ನೂ ತಂದಿದ್ದರು. ಆನೆಯನ್ನು ದಿನಾ ಕಂಡವರ ಕೈ ಅದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಈ ಕೆಲಸಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಕಾಡು ಉಳಿಸುವ ದಾರಿ ಅಂತ ಇದೊಂದನ್ನೇ ನಂಬಬಾರದು. ಕುರ್ಚಿಗೆ ಬೇಕಾಗುವುದು ನೆಟ್ಟಗಿನ, ಒಂದೇ ದಪ್ಪದ ಕಡ್ಡಿ. ಅದನ್ನು ಆರಿಸಿ ಕತ್ತರಿಸಿದರೆ ಬುಡ ಅಲ್ಲೇ ಉಳಿಯುತ್ತದೆ. ಸೆನ್ನಾ ಮರವನ್ನು ಕಾಗದದ ಕಾರ್ಖಾನೆಗೆ ಕೊಡುವ ಕೆಲಸ ತಮಿಳುನಾಡಿನಲ್ಲಿ ನಡೆದಿದೆ. ಅಲ್ಲಿ ಲೆಕ್ಕ ಟನ್ನಿನಲ್ಲಿ. ಕಾಡಿಗೆ ಬೇಕಾದ ಲೆಕ್ಕ ಬೇರೆ: ಕಡಿದ ಬುಡ ಚಿಗುರಿತೋ ಇಲ್ಲವೋ? ಸೆನ್ನಾ ಅಂತೂ ಕಡಿದರೆ ಸಾಯುವುದೇ ಇಲ್ಲ. ಬುಡದ ತೊಗಟೆ ಸುತ್ತ ಸುಲಿದು ನಿಂತಲ್ಲೇ ಒಣಗಿಸಬೇಕು, ಸಣ್ಣ ಗಿಡವಾದರೆ ಬೇರು ಸಮೇತ ಕೀಳಬೇಕು. ತೂಕಕ್ಕೆ ದುಡ್ಡು ಕೊಟ್ಟರೆ ಈ ನಿಧಾನದ ಕೆಲಸ ಯಾರು ಮಾಡುತ್ತಾರೆ? ಒಪ್ಪಂದದಲ್ಲೇ ಇದನ್ನು ಬರೆಯಬೇಕು.

ಗಿಡವನ್ನು ತಿಂದು ಹಾಕುವ ಹುಳ ತಂದು ಬಿಡುವ ವಿಚಾರವನ್ನೂ ಕೇಳುತ್ತಾರೆ. ಪಾಪಾಸುಕಳ್ಳಿಯಲ್ಲಿ ಅದು ಗೆದ್ದಿದೆ. 1920ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬಿಟ್ಟ ಒಂದು ಸಣ್ಣ ಹುಳ ಎಕರೆಗಟ್ಟಲೆ ಕಳ್ಳಿಯನ್ನು ಮುಗಿಸಿತು. ಕಾಂಗ್ರೆಸ್ ಗಿಡಕ್ಕೆ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಟ್ಟರು. ಮಳೆಗಾಲದಲ್ಲಿ ಎಲೆ ಜರಡಿ ಮಾಡುತ್ತದೆ, ನೀವೂ ನೋಡಿರಬಹುದು. ಅದು ಸೂರ್ಯಕಾಂತಿ ಎಲೆಯ ಮೇಲೆ ಕಂಡಾಗ ರೈತರು ಗಾಬರಿಯಾಗಿ ದೊಡ್ಡ ಚರ್ಚೆಯೇ ಆಯಿತು. ಲಂಟಾನಕ್ಕೆ ನೂರು ವರ್ಷದಿಂದ ಹುಳ ಬಿಡುತ್ತಿದ್ದಾರೆ. ಕಳ್ಳಿಯ ಹಾಗೆ ಅದು ಮಣಿದಿಲ್ಲ. ತೋಟಗಾರರು ಬೆರಸಿ ಬೆರಸಿ ಮಾಡಿದ ಗಿಡ ಅದು, ಒಂದೊಂದು ಕಡೆ ಒಂದೊಂದು ತರಹ. ಒಂದಕ್ಕೆ ಹಿಡಿಸುವ ಹುಳ ಇನ್ನೊಂದನ್ನು ಮುಟ್ಟುವುದಿಲ್ಲ.

ಆಸ್ಟ್ರೇಲಿಯಾ, ಭಾರತ, ದಕ್ಷಿಣ ಆಫ್ರಿಕಾ ಮೂರೂ ಕಡೆಯ ಇನ್ನೂರು ವರ್ಷದ ಇತಿಹಾಸ ನೋಡಿ 2012ರಲ್ಲಿ ಒಂದು ಪ್ರಬಂಧ ಬಂತು. ಲಂಟಾನವನ್ನು ಪೂರ್ತಿ ತೊಲಗಿಸುವ ಯುದ್ಧದಲ್ಲಿ ಸೋತಿದ್ದೇವೆ, ಜೊತೆಗೆ ಬದುಕುತ್ತಾ ನಿಭಾಯಿಸುವುದನ್ನು ಕಲಿಯೋಣ ಅಂತ ಅದರ ಸಾರ. ಮೊದಲು ಓದಿದಾಗ ಬೇಜಾರಾಯಿತು, ಕೈ ಚೆಲ್ಲಿದ ಹಾಗೆ ಅನಿಸಿತು. ಈಗ ಹಾಗೆ ಓದುವುದಿಲ್ಲ. ಲಕ್ಷಾಂತರ ಎಕರೆಯಲ್ಲಿ ಒಂದೇ ಸಲ ತೆಗೆಯಲು ಆಗುವುದಿಲ್ಲ ಅನ್ನುವುದು ನಿಜ. ಆದರೆ ಎಲ್ಲಿ ತೆಗೆಯಬೇಕು ಅಂತ ಆರಿಸಬಹುದು. ಕೆರೆ, ಹಳ್ಳದ ದಂಡೆ. ಊರಿಗೂ ಕಾಡಿಗೂ ನಡುವಿನ ಪಟ್ಟಿ. ಹೊಸದಾಗಿ ಹಬ್ಬುತ್ತಿರುವ, ಇನ್ನೂ ನಾಲ್ಕೇ ಪೊದೆ ಇರುವ ಜಾಗ. ಐದು ವರ್ಷ ಹೋಗಿ ಬರಲು ಜನ ಇದ್ದಾರಾ? ಇದ್ದರೆ ಮುಟ್ಟಿ. ಇಲ್ಲದಿದ್ದರೆ ದಯವಿಟ್ಟು ಮುಟ್ಟಬೇಡಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು, "ಸರ್, ನಮ್ಮ ಕ್ಯಾಂಪಸ್‌ನಲ್ಲಿ ಚಿಟ್ಟೆ ಎಲ್ಲ ಲಂಟಾನ ಹೂವಿನ ಮೇಲೇ ಇರುತ್ತೆ. ಅದನ್ನು ಕಿತ್ತರೆ ಅವುಗಳ ಗತಿ?" ತುಂಬ ಸರಿಯಾದ ಪ್ರಶ್ನೆ. ಚಿಟ್ಟೆ ಅಲ್ಲಿ ಮಕರಂದ ಕುಡಿಯುತ್ತದೆ. ಆದರೆ ಬಹುಪಾಲು ಚಿಟ್ಟೆ ಮೊಟ್ಟೆ ಇಡುವುದು ಬೇರೆ ಗಿಡದ ಮೇಲೆ. ಎಕ್ಕದ ಮೇಲೆ, ಕರಿಬೇವಿನ ಮೇಲೆ, ಹುಲ್ಲಿನ ಮೇಲೆ. ಲಂಟಾನ ಆ ಗಿಡಗಳ ಜಾಗ ತಿಂದರೆ ಮುಂದಿನ ವರ್ಷ ಕುಡಿಯಲು ಬರುವ ಚಿಟ್ಟೆಯೇ ಇರುವುದಿಲ್ಲ. ಹಾಗಂತ ಒಂದೇ ದಿನ ಎಲ್ಲ ಕೀಳಬೇಡಿ ಅಂದೆ. ಕಾಲು ಭಾಗ ಕೀಳಿ. ಅಲ್ಲಿ ಎಕ್ಕ, ತುಂಬೆ, ಗರಿಕೆ ಬರಲಿ. ಬಂದ ಮೇಲೆ ಇನ್ನು ಕಾಲು ಭಾಗ.

ಅವಳು ಮತ್ತು ಅವಳ ಐದು ಜನ ಗೆಳತಿಯರು ಹೆಸರು ಕೊಟ್ಟಿದ್ದಾರೆ. ಗುಂಡ್ಲುಪೇಟೆಯ ಆ ಗೋಮಾಳದಲ್ಲಿ ಎರಡು ವರ್ಷದ ಹಿಂದೆ ಅರ್ಧ ಎಕರೆಯನ್ನು ಊರಿನವರ ಜೊತೆ ಸರಿಯಾಗಿ ಕಿತ್ತಿದ್ದೇವೆ. ಈ ಸಲ ಮೂರನೇ ಮಳೆಗಾಲ. ಮೊದಲ ಎರಡು ಮಳೆ ಬಿದ್ದ ಮೇಲಿನ ಭಾನುವಾರ ಹೋಗುತ್ತೇವೆ. ಮಚ್ಚು ಬೇಡ, ಗವಸು ಬೇಡ. ಬಗ್ಗಲು ಗಟ್ಟಿ ಸೊಂಟ, ಮಧ್ಯಾಹ್ನಕ್ಕೆ ಬುತ್ತಿ ಇದ್ದರೆ ಸಾಕು.